ಬುತ್ತಿ ಕಟ್ಟಿಕೊಂಡು ಡಿಸ್ನಿಗೆ

1955ರ ಜುಲೈ 17, ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನ. ಬಿಸಿಲು 38 ಡಿಗ್ರಿಯ ಆಸುಪಾಸು. ಆಗಷ್ಟೇ ಹಾಕಿದ್ದ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ಡ್ ಚಪ್ಪಲಿಗಳು ಅದರಲ್ಲಿ ಹೂತುಕೊಳ್ಳುತ್ತಿದ್ದವು. ಅಂಥ ದಿನ ಕುಡಿಯುವ ನೀರಿಗೆ ತತ್ವಾರ. ಪ್ಲಂಬರುಗಳ ಮುಷ್ಕರದಿಂದ ಕೆಲಸ ಹಿಂದೆ ಬಿದ್ದಿತ್ತು. ಶೌಚಾಲಯ ಮುಗಿಸೋಣವೋ, ನೀರಿನ ನಲ್ಲಿ ಮುಗಿಸೋಣವೋ ಎಂಬ ಪ್ರಶ್ನೆ ಬಂದಾಗ ವಾಲ್ಟ್ ಡಿಸ್ನಿ ಶೌಚಾಲಯಕ್ಕೇ ಸೈ ಅಂದಿದ್ದರು. ಜನ ಇದನ್ನು ನಂಬಲಿಲ್ಲ. ಪಾರ್ಕಿನ ಪ್ರಾಯೋಜಕರಲ್ಲಿ ಪೆಪ್ಸಿಯೂ ಇತ್ತಲ್ಲ, ಪೆಪ್ಸಿ ಖರ್ಚಾಗಲಿ ಅಂತಲೇ ನೀರು ನಿಲ್ಲಿಸಿದ್ದಾರೆ ಎಂದು ಗೊಣಗಿದರು.

ಪೆಪ್ಸಿಯ ಮಾತು ಸುಳ್ಳಾದರೂ ಗೊಣಗಿದವರ ತರ್ಕದಲ್ಲಿ ಹುರುಳಿತ್ತು. ಟಿಕೆಟ್ ಕೊಂಡು ಒಳಗೆ ಬಂದವರಿಗೆ ಹಸಿವಾದರೆ ಒಳಗಿನ ಅಂಗಡಿಯೇ ಗತಿ. ಆ ಅಂಗಡಿಗೆ ಎದುರಂಗಡಿ ಅಂತ ಒಂದಿಲ್ಲ. ಎದುರಂಗಡಿ ಇಲ್ಲದ ಕಡೆ ಬೆಲೆ ಹೇಗಿರುತ್ತದೆ ಎಂಬುದನ್ನು ವಿಮಾನ ನಿಲ್ದಾಣದಲ್ಲಿ ಕಾಫಿ ಕುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಾಲ್ಟ್ ಡಿಸ್ನಿಗೆ ಇದೇ ಸಂಗತಿ ಇನ್ನೊಂದು ಕಡೆಯಿಂದ ಕಾಣಿಸಿತು. ಅನಾಹೈಮ್‌ನಲ್ಲಿ ಅವರು ಮೊದಲು ಕೊಂಡಿದ್ದು 160 ಎಕರೆ. ಬೇಲಿ ದಾಟಿದರೆ ರಸ್ತೆ, ರಸ್ತೆ ದಾಟಿದರೆ ಬೇರೆಯವರ ಲಾಡ್ಜು, ಬೇರೆಯವರ ಹೋಟೆಲು. ಜನ ಬರುವುದು ಡಿಸ್ನಿಯ ಹೆಸರಿಗೆ, ಉಣ್ಣುವುದು ಮಲಗುವುದು ಪಕ್ಕದವರಲ್ಲಿ. ಇದನ್ನು ಕಣ್ಣಾರೆ ಕಂಡಮೇಲೆ, 1960ರ ದಶಕದ ನಡುವಿನಲ್ಲಿ ಫ್ಲೋರಿಡಾದ ಆರ್ಲ್ಯಾಂಡೊ ಬಳಿ ಬೇನಾಮಿ ಕಂಪನಿಗಳ ಹೆಸರಿನಲ್ಲಿ ಸದ್ದಿಲ್ಲದೆ ಸುಮಾರು 27,000 ಎಕರೆ ಜಮೀನು ಖರೀದಿಯಾಯಿತು. 1971ರ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡ್ ಅಲ್ಲಿ ಶುರುವಾಯಿತು. ಪಾರ್ಕಿನ ಸುತ್ತಮುತ್ತ ಮೈಲಿಗಟ್ಟಲೆ ಜಾಗ ಡಿಸ್ನಿಯದ್ದೇ. ಹಾಗಾಗಿ ಆರ್ಲ್ಯಾಂಡೊದಲ್ಲಿ ತಟ್ಟೆಯ ಮೇಲಿನ ಬೆಲೆ ಅಡುಗೆಮನೆಯಲ್ಲಿ ತೀರ್ಮಾನವಾದದ್ದಲ್ಲ, ಅರುವತ್ತು ವರ್ಷದ ಹಿಂದೆ ಜಮೀನಿನ ನಕ್ಷೆಯಲ್ಲಿ ತೀರ್ಮಾನವಾದದ್ದು. ಅಲ್ಲಿ ಊಟದ ಖರ್ಚು ಇಳಿಸುವುದೆಂದರೆ ಈ ದೂರವನ್ನು ಹೇಗೆ ನಿಭಾಯಿಸುತ್ತೀರಿ ಎಂಬ ಲೆಕ್ಕ.

ಇದು ನಮ್ಮ ಓದುಗರಿಗೆ ದೂರದ ಸಂಗತಿಯೇನಲ್ಲ. ಮಗ ಅಟ್ಲಾಂಟಾದಲ್ಲೋ ಮಗಳು ನ್ಯೂಜೆರ್ಸಿಯಲ್ಲೋ ಇದ್ದರೆ, ಆರು ತಿಂಗಳಿಗೆಂದು ಹೋದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಊರುಗಳ ಪಟ್ಟಿಯಲ್ಲಿ ನಯಾಗರದ ಜೊತೆಗೇ ಆರ್ಲ್ಯಾಂಡೊ ಇರುತ್ತದೆ. ವಿಮಾನದ ಟಿಕೆಟ್, ಹೋಟೆಲ್, ಪಾರ್ಕಿನ ಪ್ರವೇಶ ಇವೆಲ್ಲ ಮೂರು ತಿಂಗಳು ಮೊದಲೇ ಕೂಡಿ ಕಳೆದು ಆಗಿರುತ್ತದೆ. ಊಟದ್ದನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಕೌಂಟರಿನಲ್ಲಿ ಒಬ್ಬರ ಸಾಧಾರಣ ಊಟ ಹದಿನೈದು ಡಾಲರಿನ ಆಸುಪಾಸು, ನೀರಿನ ಬಾಟಲಿ ನಾಲ್ಕರ ಹತ್ತಿರ, ಮಿಕ್ಕಿ ಮುಖದ ಐಸ್‌ಕ್ರೀಮು ಆರೇಳು. ಬೋರ್ಡಿನ ಮೇಲಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಇನ್ನೂ ಶೇ 6.5 ಹತ್ತುತ್ತದೆ. ನಾಲ್ಕು ಜನರ ಸಂಸಾರ ಮೂರು ಹೊತ್ತೂ ಒಳಗೇ ತಿಂದರೆ ದಿನಕ್ಕೆ 200 ಡಾಲರ್ ದಾಟುವುದು ಸಲೀಸು.

ಆಗ ಒಂದು ನಾಟಕ ನಡೆಯುತ್ತದೆ. ಅಪ್ಪ ಬೋರ್ಡು ನೋಡುತ್ತಾರೆ, ಮನಸ್ಸಿನಲ್ಲೇ ಡಾಲರನ್ನು ರೂಪಾಯಿಗೆ ಗುಣಿಸುತ್ತಾರೆ. "ನಂಗೇನೂ ಹಸಿವಿಲ್ಲ ಕಣೋ, ನೀವು ತಿನ್ನಿ" ಅನ್ನುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹಸಿದು ನಡೆಯುವ ಅರುವತ್ತೈದರ ಮನುಷ್ಯನಿಗೆ ಫ್ಲೋರಿಡಾದ ಬಿಸಿಲಿನಲ್ಲಿ ತಲೆ ಸುತ್ತಿದರೆ, ಉಳಿಸಿದ ಹದಿನೈದು ಡಾಲರಿಗೆ ಏನರ್ಥ? ಉಳಿತಾಯವೆಂದರೆ ಉಪವಾಸವಲ್ಲ ಎಂದು ಹಿರಿಯರಿಗೆ ಹೊರಡುವ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ ಡಿಸ್ನಿ ವರ್ಲ್ಡ್ ಒಳಕ್ಕೆ ಮನೆಯ ಬುತ್ತಿ ಒಯ್ಯಬಹುದು. ಕದ್ದುಮುಚ್ಚಿ ಅಲ್ಲ, ಗೇಟಿನ ತಪಾಸಣೆಯವರ ಕಣ್ಣೆದುರೇ. ನಿಯಮಗಳು ಕೆಲವಿವೆ. ಚೀಲವೋ ಕೂಲರೋ 24 ಅಂಗುಲ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರ ಮೀರಬಾರದು. ಮಗುವಿನ ಆಹಾರದ ಪುಟ್ಟ ಸೀಸೆ ಬಿಟ್ಟರೆ ಗಾಜಿನ ಡಬ್ಬಿ ಬಾಟಲಿ ಕೂಡದು, ಮದ್ಯ ಕೂಡದು. 2019ರಿಂದ ಬಿಡಿ ಐಸ್ ತುಂಡುಗಳಿಗೂ ನಿಷೇಧ. ಬಿಸಿ ಮಾಡಬೇಕಾದ, ಫ್ರಿಜ್ಜಿನಲ್ಲಿಡಬೇಕಾದ ಪದಾರ್ಥ ಬೇಡ, ಘಾಟು ವಾಸನೆಯದ್ದೂ ಬೇಡ. ಇಂಗಿನ ಒಗ್ಗರಣೆ ಘಾಟೋ ಸುವಾಸನೆಯೋ ಎಂಬುದನ್ನು ಗೇಟಿನಲ್ಲಿ ನಿಂತವರ ಮೂಗಿಗೆ ಬಿಡೋಣ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಈ ನಿಯಮಗಳನ್ನು ಓದುತ್ತಿದ್ದರೆ ನಮ್ಮ ಅಡುಗೆಯನ್ನು ನೋಡಿಯೇ ಬರೆದರೇನೋ ಅನ್ನಿಸುತ್ತದೆ. ಬಿಸಿ ಬೇಡದ, ಫ್ರಿಜ್ಜು ಬೇಡದ, ಕೈಯಲ್ಲಿ ಹಿಡಿದು ತಿನ್ನುವ ತಿಂಡಿ ನಮ್ಮಲ್ಲಿರುವಷ್ಟು ಇನ್ನೆಲ್ಲಿದೆ? ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಉತ್ತರ ಕರ್ನಾಟಕದವರು ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ದರಂತೂ ಕೆಡುವ ಮಾತೇ ಇಲ್ಲ, ಗಟ್ಟಿ ಡಬ್ಬಿಯಲ್ಲಿಡದಿದ್ದರೆ ಪುಡಿಯಾದೀತು ಅಷ್ಟೆ. ಹುಣಸೆಹುಳಿ, ಎಣ್ಣೆ ಚೆನ್ನಾಗಿ ಬಿದ್ದ ಪುಳಿಯೋಗರೆಯನ್ನು ಬೆಳಿಗ್ಗೆ ಕಲಸಿ ಗೇಟು ತೆರೆಯುವ ಹೊತ್ತಿಗೇ ತಿಂದು ಮುಗಿಸಿದರೆ ಒಂದು ಹೊತ್ತಿನ ಖರ್ಚು ಪೂರ್ತಿ ಉಳಿಯಿತು. ಮೊಸರನ್ನದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬೇಗ ಕೆಡುವ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಮೀರಿದ ಬಿಸಿಲಲ್ಲಿ ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಜುಲೈ ತಿಂಗಳ ಆರ್ಲ್ಯಾಂಡೊ ಆ ಗಡಿ ದಿನಾ ದಾಟುವ ಊರು. ನೂರಾರು ಡಾಲರ್ ಕೊಟ್ಟು ಒಳಗೆ ಹೋಗಿ ಶೌಚಾಲಯದ ಮುಂದೆ ಕೂರುವುದು ಯಾವ ಉಳಿತಾಯ? ನೀರಿನ ಬಾಟಲಿಗಳನ್ನು ರಾತ್ರಿಯೇ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ ಡಬ್ಬಿಗಳ ನಡುವೆ ಸೇರಿಸಿದರೆ ಬಿಡಿ ಐಸಿನ ಕೆಲಸವೂ ಆಗುತ್ತದೆ, ಮಧ್ಯಾಹ್ನ ತಣ್ಣಗೆ ಕುಡಿಯುವುದಕ್ಕೂ ಆಗುತ್ತದೆ.

ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಏನು ಒಯ್ಯಬೇಕು ಎಂಬುದು ಬೇರೆಯದೇ ಪುರಾಣ. ಗೊಜ್ಜು, ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿಗೆ ಸಾಮಾನ್ಯವಾಗಿ ತಕರಾರಿಲ್ಲ, ಆದರೆ ತಿನ್ನುವ ಪದಾರ್ಥ ಇದೆಯೆಂದು ಅಲ್ಲಿಯ ಕಸ್ಟಮ್ಸ್‌ನವರಿಗೆ ಫಾರಂನಲ್ಲೋ ಬಾಯಲ್ಲೋ ಹೇಳಲೇಬೇಕು. ಹೇಳದೆ ಸಿಕ್ಕಿಬಿದ್ದರೆ ದಂಡ. ಅಕ್ಕಿ ಒಯ್ಯುವಂತಿಲ್ಲ, ಉಗ್ರಾಣದ ಧಾನ್ಯ ತಿನ್ನುವ ಖಾಪ್ರಾ ಎಂಬ ದುಂಬಿಯ ಭಯ. ಹಸಿ ಕರಿಬೇವಂತೂ ಬೇಡವೇ ಬೇಡ. ಅದು ಕಿತ್ತಳೆಯ ಬಳಗದ ಗಿಡ. ಸಿಟ್ರಸ್ ಗ್ರೀನಿಂಗ್ ಎಂಬ ರೋಗ ಹರಡುವ ಪುಟ್ಟ ಕೀಟಕ್ಕೆ ಕರಿಬೇವೂ ಆಸರೆ. ಆ ರೋಗ 2005ರಲ್ಲಿ ಫ್ಲೋರಿಡಾದಲ್ಲಿ ಪತ್ತೆಯಾದಮೇಲೆ, ಚಂಡಮಾರುತಗಳೂ ಜೊತೆಗೂಡಿ, ಆ ರಾಜ್ಯದ ಕಿತ್ತಳೆ ಫಸಲು ಒಂದು ಕಾಲದ ಹತ್ತನೇ ಒಂದು ಪಾಲಿಗಿಂತಲೂ ಕೆಳಗಿಳಿದಿದೆ. ಒಗ್ಗರಣೆಗೆಂದು ಅಮ್ಮ ಕವರಿನಲ್ಲಿ ಸುತ್ತಿಡುವ ನಾಲ್ಕು ಎಸಳು ಅಲ್ಲಿಯ ರೈತನಿಗೆ ಸಣ್ಣ ವಿಷಯವಲ್ಲ. ಅಕ್ಕಿ, ಬೇಳೆ, ಕರಿಬೇವು ಎಲ್ಲವೂ ಆರ್ಲ್ಯಾಂಡೊದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಊರಿನ ಎಲೆಕ್ಟ್ರಿಕ್ ಕುಕ್ಕರನ್ನೂ ಹೊತ್ತುಕೊಂಡು ಹೋಗಬೇಡಿ. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಅನ್ನ ಬೇಯುವಷ್ಟರಲ್ಲಿ ಪಾರ್ಕು ಮುಚ್ಚಿರುತ್ತದೆ.

ಅಡುಗೆ ಮಾಡುವ ಆಸೆಯಿದ್ದರೆ ಹೋಟೆಲಿನ ಕೋಣೆಯನ್ನು ಬಿಟ್ಟು ಪಕ್ಕದ ಊರಾದ ಕಿಸಿಮೀ ಕಡೆ ಬಾಡಿಗೆಗೆ ಸಿಗುವ ಮನೆಗಳನ್ನು ನೋಡಬೇಕು. ಮೂರು ನಾಲ್ಕು ಮಲಗುವ ಕೋಣೆ, ದೊಡ್ಡ ಫ್ರಿಜ್ಜು, ಪೂರ್ತಿ ಅಡುಗೆಮನೆ ಇರುತ್ತವೆ. ಎರಡು ಸಂಸಾರ ಸೇರಿ ಹಿಡಿದರೆ ಬಾಡಿಗೆಯೂ ಹಂಚಿಹೋಗುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಇದೆ. ರಜೆಗೆ ಬಂದ ಊರಿನಲ್ಲೂ ಬೆಳಿಗ್ಗೆ ಐದಕ್ಕೆ ಎದ್ದು ಚಪಾತಿ ಲಟ್ಟಿಸುವವರು ಯಾರು? ಮನೆಯ ಹೆಂಗಸರ ದುಡಿಮೆಯನ್ನು ಸೊನ್ನೆ ಎಂದು ಬರೆದುಕೊಂಡೇ ಎಷ್ಟೋ ಮನೆಗಳ ಬಜೆಟ್ಟು ಉಳಿತಾಯ ತೋರಿಸುತ್ತದೆ. ಬ್ರೆಡ್ಡು, ಬಾಳೆಹಣ್ಣು, ಸೀರಿಯಲ್ಲು, ಅಂಗಡಿಯಿಂದ ತಂದ ಚಪಾತಿ ಇಷ್ಟರಲ್ಲೇ ಬೆಳಗಿನದು ಮುಗಿಯುವುದಾದರೆ ಮುಗಿಸಿ. ಲಟ್ಟಿಸಲೇಬೇಕೆಂದರೆ ಗಂಡಸರು ಲಟ್ಟಿಸಲಿ.

ಬೆಳಗಿನದು ಹೊರಗೇ ಮುಗಿಯಬೇಕು ಎಂಬುದು ಈ ಲೆಕ್ಕದ ಬೆನ್ನೆಲುಬು. ನೀರು ಎರಡನೆಯದು. ಬಾಟಲಿ ನೀರನ್ನು ನಾಲ್ವರು ದಿನಕ್ಕೆ ಎರಡೆರಡು ಕೊಂಡರೆ ಮೂವತ್ತು ಡಾಲರ್ ಕರಗುತ್ತದೆ. ಆದರೆ ಡಿಸ್ನಿಯಲ್ಲಿ ಲೋಟದಲ್ಲಿ ತಂಪು ಪಾನೀಯ ಸುರಿದುಕೊಡುವ ಯಾವುದೇ ಕೌಂಟರಿನಲ್ಲಿ ಐಸ್ ಹಾಕಿದ ನೀರು ಕೇಳಿದರೆ ಪುಕ್ಕಟೆ ಕೊಡುತ್ತಾರೆ, ಬೇರೇನೂ ಕೊಳ್ಳಬೇಕಿಲ್ಲ. 1955ರಲ್ಲಿ ಗೊಣಗಿದವರು ಇದನ್ನು ನೋಡಬೇಕಿತ್ತು. ಫ್ಲೋರಿಡಾದ ನಲ್ಲಿ ನೀರಿಗೆ ಒಂಥರಾ ವಾಸನೆ ಎಂದು ದೂರುವವರು ಬಹಳ, ಒಂದು ಪೊಟ್ಟಣ ನಿಂಬೆ ಷರಬತ್ತಿನ ಪುಡಿ ಜೇಬಿನಲ್ಲಿದ್ದರೆ ಆ ದೂರೂ ಇರುವುದಿಲ್ಲ. ಡಿಸ್ನಿ ಹೋಟೆಲುಗಳಲ್ಲಿ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದಾದ ಮಗ್ಗು ಮಾರುತ್ತಾರೆ. ಅದು ಹೋಟೆಲುಗಳಲ್ಲಿ ನಡೆಯುತ್ತದೆ, ಡಿಸ್ನಿ ವರ್ಲ್ಡ್‌ನ ನಾಲ್ಕು ಥೀಮ್ ಪಾರ್ಕುಗಳ ಒಳಗೆ ನಡೆಯುವುದಿಲ್ಲ. ಇಡೀ ದಿನ ಪಾರ್ಕಿನಲ್ಲಿರುವವರು ಅದನ್ನು ಕೊಳ್ಳುವುದು ಷೋಕೇಸಿಗೆ.

ಮಧ್ಯಾಹ್ನ ಹೊರಗೆ ಹೋಗಿ ಅಗ್ಗದಲ್ಲಿ ಉಂಡು ಬರೋಣ ಎನ್ನುವವರು ಒಂದು ಗುಣಾಕಾರ ಮಾಡಬೇಕು. ಡಿಸ್ನಿ ವರ್ಲ್ಡ್‌ನ ಒಂದು ದಿನದ ಟಿಕೆಟ್ ಪಾರ್ಕು, ಸೀಸನ್ ನೋಡಿಕೊಂಡು ಬದಲಾಗುತ್ತದೆ. ತಲೆಗೆ 160 ಡಾಲರ್ ಎಂದಿಟ್ಟುಕೊಳ್ಳಿ. ನಾಲ್ವರಿಗೆ 640. ಪಾರ್ಕು ಹನ್ನೆರಡು ಗಂಟೆ ತೆರೆದಿದ್ದರೆ ಗಂಟೆಗೆ ಐವತ್ತಮೂರು ಡಾಲರ್ ಬಿತ್ತು. ಆ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ನಿಂದ ಕಾರು ನಿಲ್ಲಿಸಿದ ಜಾಗಕ್ಕೆ ಬರಬೇಕಾದರೆ ಮೊದಲು ಮೊನೊರೈಲೋ ದೋಣಿಯೋ ಹತ್ತಿ ಸರೋವರ ದಾಟಬೇಕು, ಆಮೇಲೆ ಪಾರ್ಕಿಂಗ್, ಆಮೇಲೆ ರಸ್ತೆ. ಹೋಗಿ ಬರುವುದಕ್ಕೇ ಎರಡು ಗಂಟೆ. ಊಟದಲ್ಲಿ ನಲವತ್ತು ಡಾಲರ್ ಉಳಿಸಲು ನೂರಕ್ಕೂ ಹೆಚ್ಚು ಡಾಲರಿನ ಹೊತ್ತು ಕೊಟ್ಟಂತಾಯಿತು. ಪುಟ್ಟ ಮಗುವಿಗೋ ಅಜ್ಜಿಗೋ ಮಧ್ಯಾಹ್ನ ನಿದ್ದೆ ಬೇಕು ಎಂದಾದರೆ ಹೋಗಿ ಬನ್ನಿ, ಅದು ಬೇರೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಾದರೆ ನನ್ನ ಸಲಹೆ ಪೂರ್ತಿ ತಿರುಗಾಮುರುಗ. ಅಲ್ಲಿ ಗೇಟಿನಿಂದ ನಡೆದು ಹಾರ್ಬರ್ ಬುಲೆವಾರ್ಡ್ ಮುಟ್ಟಿದರೆ ಎದುರಂಗಡಿಗಳ ಸಾಲೇ ಇದೆ. ಅಂದಿನ 160 ಎಕರೆಯ ಪುಣ್ಯ.

ಹಾಗಾದರೆ ಒಳಗೆ ಏನೂ ಕೊಳ್ಳಬಾರದೇ? ಕೊಳ್ಳಬೇಕು. ದಿನಕ್ಕೊಂದು ಬಿಸಿ ಊಟ ಒಳಗೆ ಮಾಡದಿದ್ದರೆ ಮಕ್ಕಳಿಗೆ ರಜೆಯೆನ್ನಿಸುವುದಿಲ್ಲ, ದೊಡ್ಡವರಿಗೆ ಕಾಲು ಮುಂದೆ ಸಾಗುವುದಿಲ್ಲ. ಆ ಒಂದು ಊಟವನ್ನು ಜಾಣತನದಿಂದ ಆರಿಸಬೇಕು. ಡಿಸ್ನಿ ಆ್ಯಪ್‌ನಲ್ಲಿ ಎಲ್ಲ ಕೌಂಟರುಗಳ ಮೆನು, ಬೆಲೆ ಮೊದಲೇ ಇರುತ್ತದೆ, ಹಿಂದಿನ ರಾತ್ರಿ ಮಂಚದ ಮೇಲೆ ಕೂತು ನೋಡಿ. ಹನ್ನೊಂದಕ್ಕೆ ಇಲ್ಲವೇ ಎರಡರ ಮೇಲೆ ಆರ್ಡರ್ ಮಾಡಿದರೆ ಕಾಯುವುದು ಕಡಿಮೆ. ತಟ್ಟೆಗಳು ದೊಡ್ಡವು, ಇಬ್ಬರು ದೊಡ್ಡವರು ಎರಡು ತಟ್ಟೆ ತೆಗೆದುಕೊಳ್ಳುವ ಮೊದಲು ಒಂದನ್ನು ಹಂಚಿಕೊಂಡು ನೋಡಿ. ಕೌಂಟರಿನಲ್ಲಿ ಮಕ್ಕಳ ಊಟವನ್ನು ದೊಡ್ಡವರು ತೆಗೆದುಕೊಂಡರೂ ಯಾರೂ ವಯಸ್ಸು ಕೇಳುವುದಿಲ್ಲ, ಕಡಿಮೆ ಉಣ್ಣುವ ಅಜ್ಜಿಗೆ ಅದೇ ಸರಿಯಾದೀತು.

ಕೂತು ಉಣ್ಣುವ ರೆಸ್ಟೋರೆಂಟುಗಳಲ್ಲಿ ಬಿಲ್ಲಿಗೆ ಟಿಪ್ಸ್ ಸೇರುತ್ತದೆ. ಆರು ಅಥವಾ ಹೆಚ್ಚು ಜನ ಒಂದೇ ಮೇಜಿಗೆ ಹೋದರೆ ಶೇ 18 ತಾನಾಗಿಯೇ ಬಿಲ್ಲಿಗೆ ಹತ್ತಿರುತ್ತದೆ. ಅದನ್ನು ಗಮನಿಸದೆ ಮೇಲೆ ಮತ್ತೊಮ್ಮೆ ಟಿಪ್ಸ್ ಬರೆಯುವ ಧಾರಾಳಿಗಳೂ ಇದ್ದಾರೆ. ಮಿಕ್ಕಿ ಬಂದು ಕೈಕುಲುಕುವ ಬಫೆಗಳಲ್ಲಿ ದೊಡ್ಡವರಿಗೆ ಅರುವತ್ತು ಡಾಲರ್ ಮೀರುವುದು ಮಾಮೂಲು. ಡಿಸ್ನಿಯ ಲೆಕ್ಕದಲ್ಲಿ ಹತ್ತು ತುಂಬಿದ ಹುಡುಗನೂ ದೊಡ್ಡವನೇ. ಹೋಗಲೇಬೇಕೆಂದರೆ ರಾತ್ರಿಯದ್ದಕ್ಕಿಂತ ಬೆಳಗಿನದು ಅಗ್ಗ, ಮಿಕ್ಕಿ ಅದೇ ಮಿಕ್ಕಿ.

ಡೈನಿಂಗ್ ಪ್ಲ್ಯಾನ್ ಎಂಬುದೊಂದಿದೆ, ಮುಂಗಡ ಹಣ ಕಟ್ಟಿ ಊಟದ ಕೂಪನ್ನು ತೆಗೆದುಕೊಂಡ ಹಾಗೆ. ಕೋವಿಡ್ ಕಾಲದಲ್ಲಿ ನಿಂತಿದ್ದು 2024ರ ಜನವರಿಯಲ್ಲಿ ಮತ್ತೆ ಬಂತು. ಏನೇ ತಿಂದರೂ ಇದರ ದರ ದೊಡ್ಡವರಿಗೆಲ್ಲ ಒಂದೇ. ಮಾಂಸದ ದೊಡ್ಡ ತಟ್ಟೆ, ಜೊತೆಗೆ ಬಿಯರು ಕಾಕ್‌ಟೇಲು ತೆಗೆದುಕೊಳ್ಳುವವರಿಗೆ ಗಿಟ್ಟುತ್ತದೆ. ಅನ್ನ, ಬೀನ್ಸ್ ತಿಂದು ನೀರು ಕುಡಿಯುವ ಸಸ್ಯಾಹಾರಿಯ ಹಣ ಪಕ್ಕದ ಮೇಜಿನವನ ಗ್ಲಾಸಿಗೆ ಹೋಗುತ್ತದೆ. ಮೇಲಾಗಿ ಕಟ್ಟಿದ ದುಡ್ಡು ವಸೂಲಾಗಲಿ ಎಂದು ಹಸಿವಿಲ್ಲದಾಗಲೂ ತಿನ್ನುವ ಹಟ ಶುರುವಾಗುತ್ತದೆ. ನಮ್ಮಂಥ ಹೆಚ್ಚಿನ ಸಂಸಾರಗಳಿಗೆ ಇದು ಬೇಡ. ಮಕ್ಕಳದ್ದನ್ನು ಉಚಿತವಾಗಿ ಕೊಡುವ ಕೊಡುಗೆ ಬಂದಾಗ ಮಾತ್ರ ಮತ್ತೆ ಕೂಡಿ ಕಳೆದು ನೋಡಬಹುದು.

ಸಸ್ಯಾಹಾರಿಗಳಿಗೆ ಮೆನುವಿನಲ್ಲಿ ಎಲೆಯ ಗುರುತು ಸಿಗುತ್ತದೆ. ಆ ಗುರುತಿದ್ದರೆ ಮಾಂಸ ಮಾತ್ರವಲ್ಲ ಹಾಲು, ಮೊಟ್ಟೆ, ಜೇನೂ ಇಲ್ಲ ಎಂದರ್ಥ. ಮಿಕ್ಕಿ ಆಕಾರದ ಮಂಡಕ್ಕಿ ಉಂಡೆಯಂಥ ಸಿಹಿಯಲ್ಲಿ ಮಾರ್ಷ್‌ಮೆಲೊ ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್. ಡಿಸ್ನಿಯದೇ ಹೋಟೆಲಾದ ಅನಿಮಲ್ ಕಿಂಗ್‌ಡಮ್ ಲಾಡ್ಜಿನಲ್ಲಿ ಸನಾ ಎಂಬ ರೆಸ್ಟೋರೆಂಟಿದೆ. ನಾನಿನಂಥ ರೊಟ್ಟಿಗಳ ಜೊತೆ ಬಗೆಬಗೆಯ ಚಟ್ನಿ, ರಾಯತ ಇಡುತ್ತಾರೆ, ಹಂಚಿಕೊಂಡು ತಿನ್ನಲು ಹೇಳಿ ಮಾಡಿಸಿದ್ದು. ಕಿಟಕಿಯಾಚೆ ಜಿರಾಫೆ, ಜೀಬ್ರಾ. ಪಾರ್ಕಿನ ಟಿಕೆಟ್ ಬೇಕಿಲ್ಲ. ಪಾರ್ಕಿಗೆ ಹೋಗದ ದಿನ ಅಲ್ಲಿಗೆ ಹೋಗುವುದೇ ಒಂದು ಪ್ರವಾಸ.

ಎಲ್ಲ ಪಾರ್ಕುಗಳ ನಿಯಮ ಒಂದೇ ಅಲ್ಲ. ಪಕ್ಕದ ಯೂನಿವರ್ಸಲ್‌ನಲ್ಲಿ ನೀರಿನ ಬಾಟಲಿ, ಸಣ್ಣಪುಟ್ಟ ಕುರುಕಲು, ಮಗುವಿನ ಆಹಾರ, ಪಥ್ಯದ ಆಹಾರ ಬಿಡುತ್ತಾರೆ. ದೊಡ್ಡ ಬುತ್ತಿ ಬಿಡುವುದಿಲ್ಲ. ಟೋಕಿಯೊ ಡಿಸ್ನಿಯಲ್ಲಿ ಮನೆಯ ಡಬ್ಬಿ ತಂದವರು ಗೇಟಿನ ಹೊರಗಿನ ಪಿಕ್ನಿಕ್ ಜಾಗದಲ್ಲಿ ಕೂತು ತಿಂದೇ ಒಳಗೆ ಹೋಗಬೇಕು. ಇಂಡಿಯಾನಾ ರಾಜ್ಯದ ಹಾಲಿಡೇ ವರ್ಲ್ಡ್ ಎಂಬ ಪಾರ್ಕಿನವರು 2000ರಿಂದ ಟಿಕೆಟಿನ ಜೊತೆಗೇ ತಂಪು ಪಾನೀಯವನ್ನು ಬೇಕಾದಷ್ಟು ಪುಕ್ಕಟೆ ಕೊಡುತ್ತಾ ಬಂದಿದ್ದಾರೆ. ಕೊಟ್ಟು ಮುಳುಗಿಹೋಗಿಲ್ಲ, ಇಂದಿಗೂ ನಡೆಯುತ್ತಿದೆ. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ‍್ರಿ ಫಾರ್ಮ್‌ನ ಕಥೆ ಇನ್ನೂ ಸ್ವಾರಸ್ಯ. 1934ರಲ್ಲಿ ಕಾರ್ಡೆಲಿಯಾ ನಾಟ್ ಎಂಬಾಕೆ ಮದುವೆಯಲ್ಲಿ ಬಂದ ಪಿಂಗಾಣಿ ತಟ್ಟೆಗಳಲ್ಲಿ 65 ಸೆಂಟಿಗೆ ಕೋಳಿ ಊಟ ಬಡಿಸಲು ಶುರುಮಾಡಿದರು. ಸಾಲು ಬೆಳೆಯುತ್ತ ಹೋಯಿತು. ಕಾಯುವವರಿಗೆ ಬೇಸರವಾಗದಿರಲಿ ಎಂದು ಗಂಡ ವಾಲ್ಟರ್ ಪಕ್ಕದಲ್ಲಿ ಹಳೆಯ ಕಾಲದ ಊರೊಂದನ್ನು ಕಟ್ಟಿದರು. ಅದೇ ಬೆಳೆದು ಥೀಮ್ ಪಾರ್ಕಾಯಿತು.

ಶಾಂಘೈಯಲ್ಲಿ ಬುತ್ತಿಯ ಜಗಳ ಕೋರ್ಟಿಗೇ ಹೋಯಿತು. ಅಲ್ಲಿಯ ಡಿಸ್ನಿ ಹೊರಗಿನ ತಿಂಡಿ ಬಿಡುತ್ತಿರಲಿಲ್ಲ. 2019ರಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬಳು ದಾವೆ ಹೂಡಿದಳು. ಅಮೆರಿಕದಲ್ಲಿ ಬಿಡುವವರು ಚೀನಾದಲ್ಲೇಕೆ ಬಿಡುವುದಿಲ್ಲ ಎಂದು ಜನರೂ ಕೇಳತೊಡಗಿದರು. ಕೊನೆಗೆ ಅವಳಿಗೆ 50 ಯುವಾನ್ ಕೊಟ್ಟು ರಾಜಿಯಾಯಿತು, ನಿಯಮವೂ ಬದಲಾಯಿತು. ಅಲ್ಲಿ ಈಗ ಸ್ವಂತ ತಿಂಡಿ ಒಯ್ಯಬಹುದು, ದುರಿಯನ್ ಹಣ್ಣಿನಂಥ ಗಬ್ಬು ವಾಸನೆಯದು ಬಿಟ್ಟು.

ನಮ್ಮಲ್ಲಿ ಗಾಳಿ ಬೀಸಿದ್ದು ಬೇರೆ ಕಡೆಗೆ. ಸಿನಿಮಾ ಮಂದಿರಗಳ ಮೊಕದ್ದಮೆಯಲ್ಲಿ 2023ರ ಜನವರಿ 3ರಂದು ಸುಪ್ರೀಂ ಕೋರ್ಟು, ಹೊರಗಿನ ತಿಂಡಿ ಬೇಡವೆನ್ನುವ ಹಕ್ಕು ಮಾಲೀಕರಿಗಿದೆ ಎಂದಿತು. ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಪುಟ್ಟ ಮಗುವಿಗೆ ತಂದ ಆಹಾರಕ್ಕೆ ಅಡ್ಡಿ ಮಾಡಬಾರದು ಎಂದೂ ಸೇರಿಸಿತು. ಜಿಲೇಬಿ ತಿಂದು ಸೀಟಿಗೆ ಕೈ ಒರೆಸಿದರೆ ತೊಳೆಯುವವರು ಯಾರು ಎಂಬ ಪ್ರಶ್ನೆಯೂ ಅಂದು ಪೀಠದಿಂದಲೇ ಬಂದಿತ್ತು. ಆ ತೀರ್ಪು ಥೀಮ್ ಪಾರ್ಕುಗಳ ಬಗ್ಗೆ ಅಲ್ಲವಾದರೂ ತರ್ಕ ಅವರಿಗೂ ಒಪ್ಪುವಂಥದ್ದೇ. ಸೀಟಿನ ಮಾತು ಹಾಗಿರಲಿ, ಇಡೀ ದಿನ ಬಯಲಿನಲ್ಲಿ ಅಲೆಯುವ ಪಾರ್ಕಿಗೂ ಮೂರು ಗಂಟೆಯ ಸಿನಿಮಾಕ್ಕೂ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ಮೂರು ಗಂಟೆ ಹಸಿವು ತಡೆಯಬಹುದು, ಎಂಟು ಗಂಟೆ ತಡೆಯುವುದು ಕಷ್ಟ.

ಬೆಂಗಳೂರಿನವರಿಗೆ ಪಾರ್ಕೆಂದರೆ ಮೊದಲು ನೆನಪಾಗುವುದು ಬಿಡದಿಯ ವಂಡರ್‌ಲಾ, 2005ರಲ್ಲಿ ಶುರುವಾದದ್ದು. ಅಲ್ಲಿಯೂ ಹೊರಗಿನ ಊಟಕ್ಕೆ ಪ್ರವೇಶವಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಬೆಳಿಗ್ಗೆ ಮನೆಯಲ್ಲಿ ಗಡಿಬಿಡಿಯಿಂದ ಬ್ರೆಡ್ಡು ತಿನ್ನಿಸಿ ಹೊರಟು, ಹನ್ನೆರಡಕ್ಕೇ ಒಳಗಿನ ಕೌಂಟರಿನಲ್ಲಿ ಸಾಲು ನಿಲ್ಲುತ್ತಾರೆ. ಪಾರ್ಕಿನ ಗೇಟು ತೆರೆಯುವುದು ಹನ್ನೊಂದಕ್ಕೆ, ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳು ಬೆಳಗಾಗುತ್ತಲೇ ತೆರೆದಿರುತ್ತವೆ. ಹತ್ತಕ್ಕೆ ಅಲ್ಲಿ ಕೂತು ಬೆಣ್ಣೆ ಹಾಕಿದ ಇಡ್ಲಿ ಎರಡೆರಡು ಇಳಿಸಿದರೆ ಮಕ್ಕಳು ಎರಡು ಗಂಟೆಯವರೆಗೆ ಊಟದ ಸುದ್ದಿ ಎತ್ತುವುದಿಲ್ಲ.